ಅಪ್ಪನ ಅಂಗಿ, ಮಗನ ಅಳತೆ

ಮುಂಡರಗಿ, ಶಿರಹಟ್ಟಿ ಕಡೆಯ ಯಾವುದಾದರೂ ಊರ ಸಾಲಿಗೆ ಬೆಳಿಗ್ಗೆ ಹಾಜರಿಯ ಹೊತ್ತಿಗೆ ಹೋಗಿ ನಿಲ್ಲಿ. ಮಾಸ್ತರು ಹೆಸರು ಕೂಗುತ್ತಾರೆ: ಪಾಟೀಲ, ಕುಲಕರ್ಣಿ, ದೇಸಾಯಿ, ತಳವಾರ, ವಾಲಿಕಾರ, ಬಡಿಗೇರ, ಹಡಪದ. ಒಂದೇ ಗೋಣಿತಟ್ಟಿನ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತ ಮಕ್ಕಳು ಒಬ್ಬೊಬ್ಬರಾಗಿ ಎದ್ದು ‘ಹಾಜರ್ ಸರ್’ ಎನ್ನುತ್ತಾರೆ. ನಮ್ಮ ಕಡೆ ಅಡ್ಡಹೆಸರೆಂದರೆ ಬಹುಪಾಲು ಒಂದು ಹಳೆಯ ನೌಕರಿಯ ಹೆಸರು. ಮುತ್ತಜ್ಜ ಊರ ಕಂದಾಯ ಎತ್ತುತ್ತಿದ್ದ, ಲೆಕ್ಕ ಬರೆಯುತ್ತಿದ್ದ, ಇಲ್ಲವೇ ರಾತ್ರಿ ಕಾವಲು ತಿರುಗುತ್ತಿದ್ದ. ಅವನ ಮಗನೂ ಅದನ್ನೇ ಮಾಡಿದ, ಮೊಮ್ಮಗನೂ ಅದನ್ನೇ. ಕೆಲಸ ಹೋಗಿ ಅರವತ್ತು ವರ್ಷವಾಯಿತು. ಬೋರ್ಡು ಮಾತ್ರ ಇನ್ನೂ ಮಕ್ಕಳ ಕೊರಳಲ್ಲಿದೆ.

ಆ ಹಾಜರಿ ಪುಸ್ತಕವನ್ನು ಒಂದು ನೇಮಕಾತಿ ದಾಖಲೆಯಂತೆ ಓದುವ ಹುಚ್ಚು ನನಗೆ ಹತ್ತಿದ್ದು ಬಲು ದೂರದ ಒಂದು ಆಟದಿಂದ. ಆಸ್ಟ್ರೇಲಿಯಾದವರ ಫುಟ್ಬಾಲಿನಲ್ಲಿ ‘ತಂದೆ–ಮಗ ನಿಯಮ’ ಎಂಬುದೊಂದಿದೆ. ಅಂಡಾಕಾರದ ಚೆಂಡು, ಅಂಡಾಕಾರದ ಮೈದಾನ, ಒಂದೊಂದು ತಂಡಕ್ಕೆ ಹದಿನೆಂಟು ಜನ. ಅದು ಅವರದೇ ಆಟ. ಅಪ್ಪ ಒಂದು ಕ್ಲಬ್ಬಿಗೆ ಸಾಕಷ್ಟು ಪಂದ್ಯ ಆಡಿದ್ದರೆ ಅವನ ಮಗನನ್ನು ಸೇರಿಸಿಕೊಳ್ಳುವ ಮೊದಲ ಹಕ್ಕು ಆ ಕ್ಲಬ್ಬಿಗೆ. ಒಂದು ಆಧುನಿಕ ಪ್ರಜಾಪ್ರಭುತ್ವ, ಅದೂ ಸಮಾನತೆಯನ್ನೇ ಹೆಮ್ಮೆಯಿಂದ ಹೇಳಿಕೊಳ್ಳುವ ದೇಶ, ನಾವು ಕಾನೂನು ಮಾಡಿ ಕಿತ್ತೊಗೆದದ್ದನ್ನು ತನ್ನ ಆಟದ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದೆ. ಹಾಗಾದರೆ ಅವರು ಹಿಂದುಳಿದವರೇ, ಅಥವಾ ನಮಗೆ ಗೊತ್ತಿರದ ಏನಾದರೂ ಅವರಿಗೆ ಗೊತ್ತಿದೆಯೇ?

ಮೊದಲು ನಮ್ಮ ಮನೆಯದನ್ನೇ ನೋಡೋಣ. 1874ರಲ್ಲಿ ಮುಂಬಯಿ ಸರಕಾರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ತಂದಿತು. ಜನರ ಬಾಯಲ್ಲಿ ಅದು ವತನ ಕಾಯ್ದೆ. ಗದಗ, ಮುಂಡರಗಿ ಆಗ ಧಾರವಾಡ ಜಿಲ್ಲೆಯೊಳಗಿದ್ದುದರಿಂದ ಕಾಯ್ದೆ ಇಲ್ಲಿ ನೇರವಾಗಿ ನಡೆಯಿತು. ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಧಣಿಗಳು ಬೇರೆಯಾದರೂ ಊರ ಕಟ್ಟಳೆ ಒಂದೇ. ಗೌಡಕಿ ಗೌಡನ ಮನೆಗೆ, ಕುಲಕರ್ಣಿಕೆ ಕುಲಕರ್ಣಿಯ ಮನೆಗೆ. ಸಂಬಳದ ಬದಲು ವತನದ ಹೊಲ. ಪಾಲುದಾರರು ಹೆಚ್ಚಾದಲ್ಲಿ ಪಾಳಿಯ ಪ್ರಕಾರ ಚಾಕರಿ. ‘ಮಗಗ ಬಿಡಬೇಕಲ್ರೀ, ಮತ್ತ ಯಾರಿಗೆ ಬಿಡಬೇಕು?’ ಎಂಬ ಮಾತು ಇವತ್ತಿಗೂ ನಮ್ಮ ಕಟ್ಟೆಗಳ ಮೇಲೆ ಕೇಳುತ್ತದಲ್ಲ, ಅದು ಬರೀ ಮಮತೆಯ ಮಾತಲ್ಲ. ಒಂದು ಕಾಲದ ಕಾನೂನಿನ ಪಳೆಯುಳಿಕೆ.

ಇದರಲ್ಲಿ ನಾವು ಸಾಮಾನ್ಯವಾಗಿ ಮರೆಯುವ ಇನ್ನೊಂದು ಮಗ್ಗುಲಿದೆ. ಅದೇ ಕಾಯ್ದೆಯ ಕೆಳತುದಿಯಲ್ಲಿ ತಳವಾರನೂ ವಾಲಿಕಾರನೂ ಊರ ಚಾಕರಿಯ ದಲಿತ ಮನೆತನಗಳೂ ಇದ್ದವು. ಅವರಿಗೂ ವತನವಿತ್ತು, ಒಂದು ತುಂಡು ಹೊಲ, ಸುಗ್ಗಿಯಲ್ಲಿ ಕಣದಿಂದ ಒಂದಿಷ್ಟು ಕಾಳು. ಅಷ್ಟಕ್ಕೆ ಹಗಲು ರಾತ್ರಿ ಎನ್ನದೆ ಸರಕಾರದ ಓಲೆ ಒಯ್ಯಬೇಕು, ಸಾಹೇಬರ ಸಾಮಾನು ಹೊರಬೇಕು. 1928ರಲ್ಲಿ ಡಾ. ಅಂಬೇಡ್ಕರ್ ಮುಂಬಯಿ ಶಾಸನ ಪರಿಷತ್ತಿನಲ್ಲಿ ಈ ಕಾಯ್ದೆಗೆ ತಿದ್ದುಪಡಿ ಮಸೂದೆ ಮಂಡಿಸಿದಾಗ ಎತ್ತಿ ಹೇಳಿದ್ದು ಇದನ್ನೇ. ಸಿಗುವ ಪ್ರತಿಫಲ ಪುಡಿಗಾಸು, ಕೆಲಸಕ್ಕೆ ಹೊತ್ತು ಗೊತ್ತಿಲ್ಲ, ಅಪ್ಪ ಇಲ್ಲದಿದ್ದರೆ ಮನೆಯ ಇನ್ನೊಬ್ಬರು ಹೋಗಲೇಬೇಕು. ಗೌಡನ ಮಗನಿಗೆ ಉಡುಗೊರೆಯಾದ ನಿಯಮವೇ ತಳವಾರನ ಮಗನಿಗೆ ಕಾಲ್ಬೇಡಿಯಾಗಿತ್ತು. ತಂದೆ–ಮಗ ನಿಯಮವನ್ನು ತೂಗುವಾಗ ನಾವು ಯಾವಾಗಲೂ ಮೇಲಿನ ಮನೆಯನ್ನಷ್ಟೇ ನೋಡಿ ‘ಅನ್ಯಾಯದ ಸವಲತ್ತು’ ಎನ್ನುತ್ತೇವೆ. ಕೆಳಗಿನ ಮನೆಯಿಂದ ನೋಡಿದರೆ ಪ್ರಶ್ನೆಯೇ ಬೇರೆ: ಬೇಡ ಎನ್ನಲು ಮಗನಿಗೆ ಬರುತ್ತದೆಯೇ?

ಸಂವಿಧಾನದ 16(2)ನೇ ವಿಧಿ ಸರಕಾರಿ ನೌಕರಿಯಲ್ಲಿ ಭೇದ ಮಾಡಬಾರದ ಕಾರಣಗಳನ್ನು ಹೆಸರಿಸುವಾಗ ಧರ್ಮ, ಜಾತಿ, ಲಿಂಗಗಳ ಜತೆಗೆ ‘ವಂಶ’ವನ್ನೂ ಸೇರಿಸಿದ್ದು ಸುಮ್ಮನಲ್ಲ. 1960ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆಂಧ್ರದ ಒಂದು ಪ್ರಕರಣದಲ್ಲಿ, ಹಳ್ಳಿಯ ಹುದ್ದೆಯನ್ನು ವಂಶ ನೋಡಿ ತುಂಬುವುದು ಈ ವಿಧಿಗೆ ವಿರುದ್ಧ ಎಂದಿತು. ನಮ್ಮಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರಲ್ಲಿ ಬಂತು, 1963ರ ಫೆಬ್ರವರಿ 1ರಿಂದ ಜಾರಿಯಾಯಿತು. ಕುಲಕರ್ಣಿಯ ದಫ್ತರು ಅದಕ್ಕೂ ಮೊದಲೇ, ನೇಮಕವಾಗಿ ಬಂದ ತಲಾಟಿಯ ಮೇಜಿಗೆ ಹೋಗಿತ್ತು. ಅಲ್ಲಿಗೆ ಮುಗಿಯಿತೆಂದು ನಾವು ಪುಸ್ತಕ ಮುಚ್ಚಿದೆವು.

ಇನ್ನು ಅವರ ಕಥೆ. ಮೆಲ್ಬರ್ನ್ ಕ್ಲಬ್ಬಿನ ಆಟಗಾರ ರಾನ್ ಬರಾಸಿ 1941ರಲ್ಲಿ, ಎರಡನೇ ಮಹಾಯುದ್ಧದಲ್ಲಿ, ಟೊಬ್ರುಕ್‌ನಲ್ಲಿ ಮಡಿದ. ಅವನಿಗೊಬ್ಬ ಸಣ್ಣ ಮಗ, ಅವನ ಹೆಸರೂ ರಾನ್. ಆ ಕಾಲದಲ್ಲಿ ಹುಡುಗನೊಬ್ಬ ಯಾವ ಓಣಿಯಲ್ಲಿ ವಾಸವಾಗಿದ್ದಾನೋ ಆ ವಲಯದ ಕ್ಲಬ್ಬಿಗೇ ಆಡಬೇಕು. ಹಾಗೆ ನೋಡಿದರೆ ಈ ಹುಡುಗ ಬೇರೆ ಕ್ಲಬ್ಬಿನ ಪಾಲಾಗಬೇಕಿತ್ತು. 1949ರಲ್ಲಿ ಬಂದ ತಂದೆ–ಮಗ ನಿಯಮ ಅವನಿಗೆ ಅಪ್ಪನ ಕ್ಲಬ್ಬಿನ ಬಾಗಿಲು ತೆರೆಯಿತು. ಅಪ್ಪನ ಜತೆ ಆಡಿದ್ದ, ಮುಂದೆ ಅದೇ ತಂಡದ ಕೋಚ್ ಆದ ನಾರ್ಮ್ ಸ್ಮಿತ್ ಹುಡುಗನನ್ನು ತನ್ನ ಮನೆಯಲ್ಲೇ ಇಟ್ಟುಕೊಂಡ. ಅಪ್ಪ ತೊಟ್ಟಿದ್ದ 31ನೇ ನಂಬರಿನ ಅಂಗಿಯನ್ನೇ ಮಗ ತೊಟ್ಟ, ಆರು ಬಾರಿ ಲೀಗು ಗೆದ್ದ ತಂಡದಲ್ಲಿದ್ದ. ಇಂಥ ಕಥೆ ಕೇಳಿದ ಮೇಲೆ ನಿಯಮ ತಪ್ಪೆನ್ನಲು ಯಾರ ಬಾಯಿ ಬರುತ್ತದೆ?

ಆದರೆ ಕಣ್ಣೀರು ಒರೆಸಿದ ನಿಯಮವೂ ಕಾಲ ಕಳೆದಂತೆ ಲಾಭದ ಲೆಕ್ಕ ಕಲಿಯುತ್ತದೆ. 1986ರಲ್ಲಿ ಲೀಗು ‘ಡ್ರಾಫ್ಟ್’ ಪದ್ಧತಿಗೆ ಬಂತು. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗೆ ಉಳಿದ ತಂಡಕ್ಕೆ ಹೊಸ ಹುಡುಗರನ್ನು ಆರಿಸುವ ಮೊದಲ ಸರದಿ, ಗೆದ್ದ ತಂಡಕ್ಕೆ ಕೊನೆಯ ಸರದಿ. ಬಿದ್ದವನನ್ನು ಎತ್ತುವ ವ್ಯವಸ್ಥೆ ಇದು. ತಂದೆ–ಮಗ ನಿಯಮ ಈ ಬಲೆಯಲ್ಲೊಂದು ತೂತಾಗಿ ಉಳಿಯಿತು. 2001ರಲ್ಲಿ ಜೀಲಾಂಗ್ ಕ್ಲಬ್ಬು ತನ್ನ ಹಳೆಯ ತಾರೆ ಗ್ಯಾರಿ ಆಬ್ಲೆಟ್‌ನ ಮಗನನ್ನು 40ನೇ ಸರದಿಯಲ್ಲಿ ಪಡೆಯಿತು. ಆ ಮಗ ಮುಂದೆ ತನ್ನ ತಲೆಮಾರಿನ ಶ್ರೇಷ್ಠರಲ್ಲಿ ಒಬ್ಬನಾದ. 2006ರಲ್ಲಿ ಅದೇ ಕ್ಲಬ್ಬು ತನ್ನ ಇನ್ನೊಬ್ಬ ಹಳೆಯ ಆಟಗಾರನ ಮಗ ಟಾಮ್ ಹಾಕಿನ್ಸ್‌ನನ್ನು 41ನೇ ಸರದಿಗೆ ಕೊಂಡಿತು. ಮುಕ್ತವಾಗಿ ಆರಿಸಿದ್ದರೆ ಮೊದಲ ಮೂರ್ನಾಲ್ಕು ಹೆಸರುಗಳಲ್ಲೇ ಹೋಗಬೇಕಾದ ಹುಡುಗ. ಬಂಗಾರ ತಾಮ್ರದ ಬೆಲೆಗೆ ಹೋಯಿತು ಎಂದು ಉಳಿದ ಕ್ಲಬ್ಬುಗಳು ಗದ್ದಲವೆಬ್ಬಿಸಿದವು.

ಇಲ್ಲಿ ಅವರು ಮಾಡಿದ್ದು ಗಮನಿಸಬೇಕಾದ ಸಂಗತಿ. ನಿಯಮವನ್ನು ರದ್ದು ಮಾಡಲಿಲ್ಲ, ಹಾಗೇ ಇರಲಿ ಎಂದು ಕಣ್ಣೂ ಮುಚ್ಚಲಿಲ್ಲ. 2007ರಿಂದ ಲಿಲಾವಿನ ಬಾಗಿಲು ತೆರೆದರು. ನಮ್ಮಲ್ಲಿ ಅಣ್ಣ ತನ್ನ ಪಾಲು ಮಾರಲು ಹೊರಟರೆ ತಮ್ಮನಿಗೆ ಮೊದಲ ಹಕ್ಕಿರುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಮು ಹೇಳುವುದೂ ಇಂಥದ್ದನ್ನೇ. ಆದರೆ ಮೊದಲ ಹಕ್ಕೆಂದರೆ ಪುಕ್ಕಟೆಯಲ್ಲ. ಹೊರಗಿನವ ಎಕರೆಗೆ ಎಷ್ಟು ಕೊಡಲು ತಯಾರಿದ್ದಾನೋ ಅಷ್ಟನ್ನು ತಮ್ಮ ಎಣಿಸಬೇಕು. ಆಸ್ಟ್ರೇಲಿಯಾದವರು ಹಿಡಿದದ್ದೂ ಇದೇ ದಾರಿ. ಹುಡುಗನಿಗೆ ಮೊದಲು ಹೊರಗಿನ ಕ್ಲಬ್ಬು ಕೂಗಲಿ. ಅದಕ್ಕೆ ಸರಿಗಟ್ಟಿದರೆ ಅಪ್ಪನ ಕ್ಲಬ್ಬು ಇಟ್ಟುಕೊಳ್ಳಲಿ, ಇಲ್ಲದಿದ್ದರೆ ಬಿಡಲಿ.

2015ರಲ್ಲಿ ಇದು ಇನ್ನೂ ಬಿಗಿಯಾಯಿತು. ಒಂದೊಂದು ಸರದಿಗೂ ಅಂಕ ಕಟ್ಟಿದರು: ಮೊದಲ ಸರದಿಗೆ 3000, ಎರಡನೆಯದಕ್ಕೆ 2517, ನಾಲ್ಕನೆಯದಕ್ಕೆ 2034. ಅಪ್ಪನ ಕ್ಲಬ್ಬಿಗೆ ಶೇ. 20 ರಿಯಾಯಿತಿ. 2021ರಲ್ಲಿ ಕಾಲಿಂಗ್‌ವುಡ್ ಕ್ಲಬ್ಬಿಗೆ 250 ಪಂದ್ಯ ಆಡಿದ್ದ ಪೀಟರ್ ಡೈಕೋಸ್‌ನ ಮಗ ನಿಕ್ ಬಂದಾಗ, ಗೋಲ್ಡ್ ಕೋಸ್ಟ್ ತಂಡ ನಾಲ್ಕನೇ ಸರದಿಯಲ್ಲಿ ಅವನ ಹೆಸರು ಕೂಗಿತು. ಕಾಲಿಂಗ್‌ವುಡ್ ಸರಿಗಟ್ಟಿತು. 2034ರಲ್ಲಿ ಐದನೇ ಒಂದು ಭಾಗ ಕಳೆದರೆ ಸುಮಾರು 1627 ಅಂಕ. ಆ ಪಟ್ಟಿಯಲ್ಲಿ 40ರ ಆಸುಪಾಸಿನ ಒಂದು ಸರದಿಯ ಬೆಲೆ ನಾಲ್ಕುನೂರು ಚಿಲ್ಲರೆ. ಅಂದರೆ ಅಂಥ ನಾಲ್ಕು ಸರದಿಗಳನ್ನು ಒಟ್ಟುಗೂಡಿಸಿ ಕೊಟ್ಟರೆ ಮಗ ಮನೆಗೆ. ನಿಕ್ ಕೂಡ ಅಪ್ಪನ 35ನೇ ನಂಬರನ್ನೇ ತೊಟ್ಟ. ಆದರೆ ಈ ಸಲ ಅಂಗಿಗೆ ಬೆಲೆಚೀಟಿ ಇತ್ತು, ಅದನ್ನು ದೇಶವೇ ಓದಿತ್ತು.

ನಾಲ್ಕು ಪುಡಿ ಸರದಿ ಸೇರಿಸಿ ಒಂದು ಬಂಗಾರದ ಸರದಿ ಕೊಳ್ಳುವುದು ನ್ಯಾಯವೇ ಎಂಬ ಆಕ್ಷೇಪ ತಕ್ಷಣ ಬಂತು, ಬರಬೇಕಾದದ್ದೇ. ಬ್ರಿಸ್ಬೇನ್ ತಂಡಕ್ಕೆ 318 ಪಂದ್ಯ ಆಡಿದ ಮಾರ್ಕಸ್ ಆಶ್‌ಕ್ರಾಫ್ಟ್‌ನ ಮಗ ವಿಲ್ 2022ರಲ್ಲಿ ಅದೇ ತಂಡಕ್ಕೆ ಬಂದ. 2024ರ ಫೈನಲ್ಲಿನಲ್ಲಿ ಬ್ರಿಸ್ಬೇನ್ ಗೆದ್ದಾಗ ಶ್ರೇಷ್ಠ ಆಟಗಾರನ ಪದಕ ಅವನಿಗೇ. ಆ ಪದಕದ ಹೆಸರು ನಾರ್ಮ್ ಸ್ಮಿತ್. ಬರಾಸಿಯ ಮಗನನ್ನು ಮನೆಯಲ್ಲಿಟ್ಟುಕೊಂಡ ಅದೇ ಮನುಷ್ಯ. ಗೆದ್ದ ವರ್ಷವೇ ವಿಲ್‌ನ ತಮ್ಮ ಲೆವಿಯೂ ಐದನೇ ಸರದಿಗೆ ಅದೇ ತಂಡ ಸೇರಿದ. ಕೆಳಗೆ ಬಿದ್ದವರನ್ನು ಎತ್ತಲು ಮಾಡಿದ ಡ್ರಾಫ್ಟು ಗೆದ್ದವನ ತಟ್ಟೆಗೇ ಬಡಿಸಿತು. 2011ರಿಂದೀಚೆಗೆ ಲೀಗಿಗೆ ಬಂದ ಹೊಸ ಕ್ಲಬ್ಬುಗಳಿಗೋ, ಹಳೆಯ ಆಟಗಾರರೇ ಇಲ್ಲ. ಇನ್ನು ಅವರ ಮಕ್ಕಳು ಎಲ್ಲಿಂದ ಬರಬೇಕು? ಇಂಥ ಆಕ್ಷೇಪಗಳ ನಡುವೆ ಅಂಕಪಟ್ಟಿ ಮತ್ತೆ ತಿದ್ದಲ್ಪಟ್ಟಿತು, 2025ಕ್ಕೆ ರಿಯಾಯಿತಿ ಶೇ. 10ಕ್ಕೆ ಇಳಿಯಿತು.

ನಾನು ಹೇಳಬೇಕೆಂದಿರುವುದು ಇಷ್ಟು: ಮಗ ಎಂಬ ಕಾರಣಕ್ಕೆ ತೋರುವ ಒಲವನ್ನು ಮನುಷ್ಯರ ನಡುವಿನಿಂದ ಪೂರ್ತಿ ಅಳಿಸಲು ಬರುವುದಿಲ್ಲ. ಅದನ್ನು ಬರೆದಿಡಬೇಕು, ಬರೆದದ್ದಕ್ಕೆ ಬೆಲೆ ಕಟ್ಟಬೇಕು, ಬೇಡವೆನ್ನುವ ಬಾಗಿಲನ್ನು ತೆರೆದಿಡಬೇಕು. ಬರೆದ ಒಲವನ್ನು ತಿದ್ದಬಹುದು. ಬರೆಯದ ಒಲವಿಗೆ ತಿದ್ದುಪಡಿ ತರುವವರಾರು?

ಆ ನಿಯಮದಲ್ಲಿ ರಕ್ತವೊಂದೇ ಸಾಲದು. ಅಪ್ಪ ಆ ಕ್ಲಬ್ಬಿಗೆ ಕನಿಷ್ಠ 100 ಪಂದ್ಯ ಆಡಿರಬೇಕು. ಹಕ್ಕು ಹುಟ್ಟುವುದು ಅಪ್ಪನ ದುಡಿಮೆಯಿಂದ. ಮಗನ ಯೋಗ್ಯತೆಯನ್ನು ಅಳೆಯುವವನು ಅಪ್ಪನ ಗೆಳೆಯನಲ್ಲ, ಎದುರಾಳಿ. ಎದುರಾಳಿ ಯಾರೂ ಕೂಗದ ಮಗನಿಗೆ ಅಪ್ಪನ ಹೆಸರಿನ ಬಲದಿಂದ ದೊಡ್ಡ ಬೆಲೆ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಗ ಒಲ್ಲೆ ಎನ್ನಬಹುದು. 2005ರಲ್ಲಿ ಮಾರ್ಕ್ ಮರ್ಫಿ ಎಂಬ ಹುಡುಗ ಅಪ್ಪನ ಹಕ್ಕಿನ ದಾರಿ ಬಿಟ್ಟು ಎಲ್ಲರಂತೆ ಡ್ರಾಫ್ಟಿಗೆ ನಿಂತ. ಮೊದಲ ಸರದಿಯಲ್ಲೇ ಕಾರ್ಲ್ಟನ್ ಅವನನ್ನು ಆರಿಸಿತು. ಮಗ ಬರಾಸಿಯೂ ಅಷ್ಟೇ. ಯಾವ ಕ್ಲಬ್ಬಿಗಾಗಿ ನಿಯಮದ ಬಾಗಿಲು ತೆರೆದಿತ್ತೋ ಆ ಮೆಲ್ಬರ್ನನ್ನು 1964ರ ಕೊನೆಗೆ ಬಿಟ್ಟು ಅವನು ಕಾರ್ಲ್ಟನ್ ಸೇರಿದ. ಅಭಿಮಾನಿಗಳು ಎದೆ ಬಡಿದುಕೊಂಡರು, ಆದರೆ ಯಾರೂ ಅವನನ್ನು ಕಟ್ಟಿಹಾಕಲಿಲ್ಲ. ತಳವಾರನ ಮಗನಿಗೆ 1928ರಲ್ಲಿ ಈ ದಾರಿ ಇರಲಿಲ್ಲ.

ಈಗ ನಮ್ಮ ಕರ್ನಾಟಕದ ಕ್ರಿಕೆಟ್ಟಿಗೆ ಬನ್ನಿ. 1983ರ ವಿಶ್ವಕಪ್ಪಿನಲ್ಲಿ 18 ವಿಕೆಟ್ ತೆಗೆದ ರೋಜರ್ ಬಿನ್ನಿ ಮುಂದೆ ರಾಷ್ಟ್ರೀಯ ಆಯ್ಕೆಗಾರರಾದರು. ಅದೇ ಕಾಲದಲ್ಲಿ ಮಗ ಸ್ಟುವರ್ಟ್ ತಂಡದ ಬಾಗಿಲಲ್ಲಿದ್ದ. ಮಗನ ಹೆಸರು ಚರ್ಚೆಗೆ ಬಂದಾಗ ತಾವು ಕೋಣೆಯಿಂದ ಎದ್ದು ಹೋಗುತ್ತಿದ್ದುದಾಗಿ ರೋಜರ್ ಹೇಳಿದ್ದಾರೆ. ಸಭ್ಯ ನಡೆ ಅದು, ಸಂಶಯವಿಲ್ಲ. ಆದರೆ ಕುರ್ಚಿಯಿಂದ ಎದ್ದು ಹೋದ ಅಪ್ಪನ ನೆರಳು ಕುರ್ಚಿಯಲ್ಲೇ ಉಳಿಯಿತೋ ಇಲ್ಲವೋ ಎಂಬುದನ್ನು ಅಳೆಯುವ ತಕ್ಕಡಿ ನಮ್ಮಲ್ಲಿರಲಿಲ್ಲ. 2014ರ ಜೂನ್‌ನಲ್ಲಿ ಮೀರ್‌ಪುರದಲ್ಲಿ ಸ್ಟುವರ್ಟ್ ಕೇವಲ 4 ರನ್ನಿಗೆ 6 ವಿಕೆಟ್ ಕಿತ್ತ. 2023ರವರೆಗೂ ಭಾರತದ ಪರ ಏಕದಿನ ಪಂದ್ಯದ ಅತ್ಯುತ್ತಮ ಬೌಲಿಂಗ್ ಅದೇ ಆಗಿತ್ತು. ಹಾಗಿದ್ದೂ ‘ಅಪ್ಪನ ಕೃಪೆ’ ಎಂಬ ಮಾತು ಅವನ ಬೆನ್ನು ಬಿಡಲಿಲ್ಲ. ಬೆಲೆ ಕಟ್ಟುವುದರಿಂದ ಹೊರಗಿನವನಿಗೆ ನ್ಯಾಯ ಸಿಗುತ್ತದೆ ಎಂದಷ್ಟೇ ನಾವು ತಿಳಿಯುತ್ತೇವೆ. ಅದು ಮಗನನ್ನೂ ಕಾಯುತ್ತದೆ. ಡೈಕೋಸ್‌ನನ್ನು ಯಾರೂ ಪುಕ್ಕಟೆ ಬಂದವನೆನ್ನಲಾರರು. ಗೋಲ್ಡ್ ಕೋಸ್ಟಿನವರು ಕೂಗಿದ ಬೆಲೆಯೇ ಅವನ ಸಾಕ್ಷಿ. ನಮ್ಮ ಮಕ್ಕಳಿಗೆ ಆ ಸಾಕ್ಷಿಯಿಲ್ಲ.

‘ಇದೆಲ್ಲ ಯಾಕೆ, ಅಪ್ಪನ ಹೆಸರನ್ನೇ ಕೇಳದಿದ್ದರಾಯಿತು’ ಎನ್ನುವವರಿಗೆ ಗದಗಿನಲ್ಲಿ ಬೇಕಾದಷ್ಟು ಆಧಾರ ಸಿಗುತ್ತದೆ, ಒಪ್ಪುತ್ತೇನೆ. ಇಲ್ಲಿ ಹುಟ್ಟಿದ ಸುನಿಲ್ ಜೋಶಿ ಬೆಳಗಿನ ಜಾವ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ ಮತ್ತೆ ಗದಗಿನ ಸಾಲಿಗೆ ಬರುತ್ತಿದ್ದ ಹುಡುಗ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರಿನಲ್ಲಿ 6 ರನ್ ಕೊಟ್ಟು 5 ವಿಕೆಟ್ ತೆಗೆದ ಅವನಿಗೆ ಯಾವ ಕ್ಲಬ್ಬಿನ ಅಪ್ಪನ ಹಕ್ಕೂ ಇರಲಿಲ್ಲ. ಸಂಗೀತದಲ್ಲಿ ಇನ್ನೂ ದೊಡ್ಡ ಉದಾಹರಣೆ. ಘರಾನೆ ಎಂಬ ಶಬ್ದದಲ್ಲೇ ‘ಘರ್’ ಇದೆ, ಮನೆಯಿದೆ. ಆದರೆ ಕಿರಾಣಾ ಮನೆಯ ಅಬ್ದುಲ್ ಕರೀಂ ಖಾನರು ಕುಂದಗೋಳದ ರಾಮರಾಯರಿಗೆ, ಅಂದರೆ ಸವಾಯಿ ಗಂಧರ್ವರಿಗೆ, ವಿದ್ಯೆ ಕೊಟ್ಟರು. ಅವರಿಂದ ಅದು ಮಾಸ್ತರರೊಬ್ಬರ ಮಗ ಭೀಮಸೇನ ಜೋಶಿಗೆ ಬಂತು. ಗದಗಿನ ವೀರೇಶ್ವರ ಪುಣ್ಯಾಶ್ರಮ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದಾಗ ಆಶ್ರಮದ ಭಾರ ಹೊತ್ತವರು ಕಣ್ಣಿಲ್ಲದ ಶಿಷ್ಯ ಪುಟ್ಟರಾಜ ಗವಾಯಿಗಳು. 2010ರ ತನಕ ಹೊತ್ತರು. ಅಲ್ಲಿ ರಕ್ತದ ಮಾತೇ ಇಲ್ಲ. ಗಂಟಲಿನ ಪರೀಕ್ಷೆ, ಸೇವೆಯ ಪರೀಕ್ಷೆ, ಅಷ್ಟೇ. ‘ನೂಲಿನಂತೆ ಸೀರೆ’ ಎಂಬ ಗಾದೆ ಬೆಟಗೇರಿಯ ನೇಕಾರರಿಗೆ ಹೇಳಿ ನೋಡಿ. ನೂಲು ಒಂದೇ ಇದ್ದರೂ ಮಗ್ಗ ಬೇರೆಯಾದರೆ ಸೀರೆ ಬೇರೆಯಾಗುತ್ತದೆಂದು ಅವರಿಗೆ ಗೊತ್ತು.

ಆದರೂ ಆ ವಾದ ಅರ್ಧ ದಾರಿಗೇ ನಿಲ್ಲುತ್ತದೆ. ಅಪ್ಪನ ಹೆಸರು ಕೇಳಬೇಡಿ ಎಂದು ಬರೆದ ಕಡೆಯಲ್ಲೆಲ್ಲ ಕೇಳುವುದು ನಿಂತಿದೆಯೇ? ನಮ್ಮ ನೆಲದಲ್ಲೇ ಇದಕ್ಕೊಂದು ಕನ್ನಡಿ ಇದೆ. 1905ರಲ್ಲಿ, ಸಹಕಾರಿ ಕಾಯ್ದೆ ಬಂದ ಮರುವರ್ಷವೇ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ದೇಶಕ್ಕೇ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟಿತು. ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಹೆಸರಿನಲ್ಲಿಯೇ ಮೂರು ಸಲ ಗೌಡಕಿ ಹೊತ್ತ ಮನುಷ್ಯ, ಪದವಿ ಮತದಿಂದ ಬರುವ ಸಂಸ್ಥೆಯೊಂದನ್ನು ಕಟ್ಟಿದರು. ಅಂಥ ಸಂಸ್ಥೆಗಳು ಇಂದು ಊರೂರಿಗೂ ಇವೆ. ಎಷ್ಟೋ ಕಡೆ ಅಪ್ಪ ಬಿಟ್ಟ ಕುರ್ಚಿಗೆ ಮಗ ಅವಿರೋಧ ಆಯ್ಕೆಯಾಗುತ್ತಾನೆ. ಪಕ್ಷ ಯಾವುದೇ ಇರಲಿ, ಟಿಕೆಟಿನ ಕಥೆಯೂ ಭಿನ್ನವಲ್ಲ. ವತನವನ್ನು ಕಾಗದದಿಂದ ಕಿತ್ತೆವು, ಅದು ಗಾಳಿಯಲ್ಲಿ ಸೇರಿಕೊಂಡಿತು. ಕಾಗದದ ಮೇಲಿದ್ದಾಗ ಅದನ್ನು ಕೋರ್ಟಿಗೆ ಎಳೆಯಬಹುದಿತ್ತು. ‘ಅವಿರೋಧ’ ಎಂಬ ಶಬ್ದವನ್ನು ಯಾವ ಕೋರ್ಟಿಗೆ ಎಳೆಯುವುದು? ಅದರ ಅರ್ಥವೇ ಎದುರು ಕೂಗುವವನನ್ನು ಲಿಲಾವಿನ ಕಟ್ಟೆ ಹತ್ತಿಸಲಿಲ್ಲ ಎಂದು.

ನಾವು ಬರೆದಿಟ್ಟ ಕಡೆ ತಿದ್ದುವುದೂ ಸಾಧ್ಯವಾಗಿದೆ ಎಂಬುದಕ್ಕೆ ಅನುಕಂಪದ ನೌಕರಿ ಸಾಕ್ಷಿ. ಸರಕಾರಿ ನೌಕರ ಸೇವೆಯಲ್ಲಿರುವಾಗಲೇ ತೀರಿಕೊಂಡರೆ ಮನೆಯ ಒಬ್ಬರಿಗೆ ಕೆಲಸ ಕೊಡುವ ರಾಜ್ಯದ ನಿಯಮಗಳು 1996ರವು. ಬರಾಸಿಯ ಕಥೆಯಂತೆ ಇದೂ ಸಾವಿನ ಮನೆಯಿಂದ ಹುಟ್ಟಿದ್ದು. ಇದು ವಾರಸುದಾರಿಕೆಯ ಹಕ್ಕಲ್ಲ, ತಟ್ಟನೆ ಬೀದಿಗೆ ಬಿದ್ದ ಕುಟುಂಬಕ್ಕೆ ಕೊಡುವ ಆಸರೆ ಎಂದು ಸುಪ್ರೀಂ ಕೋರ್ಟು 1994ರಲ್ಲೇ ಗೆರೆ ಎಳೆದಿತ್ತು. ಮದುವೆಯಾದ ಮಗಳನ್ನು ಈ ನಿಯಮಗಳು ಹೊರಗಿಟ್ಟಿದ್ದವು. 2020ರಲ್ಲಿ ನಮ್ಮ ಹೈಕೋರ್ಟು ಆ ಷರತ್ತನ್ನು ಕಿತ್ತುಹಾಕಿತು. ಆಸ್ಟ್ರೇಲಿಯಾದಲ್ಲೂ 2017ರಲ್ಲಿ ಮಹಿಳಾ ಲೀಗು ಶುರುವಾದ ಮೇಲೆ ಹೆಣ್ಣುಮಕ್ಕಳು ಅಪ್ಪನ ಕ್ಲಬ್ಬಿನ ಬಾಗಿಲಿಗೆ ಬಂದರು. ‘ಮಗು’ ಎಂದರೆ ಯಾರು ಎಂಬುದನ್ನು ನಿಯಮ ಬರೆಯುವವನು ತೀರ್ಮಾನಿಸುತ್ತಾನೆ. ಈ ಸತ್ಯಕ್ಕೆ ನಮ್ಮ ಜಿಲ್ಲೆ ರಕ್ತದಲ್ಲಿ ಬೆಲೆ ತೆತ್ತಿದೆ. ನರಗುಂದದ ಬಾಬಾಸಾಹೇಬನಿಗೆ ದತ್ತು ಮಗನನ್ನು ಮಗನೆಂದು ಒಪ್ಪುವುದಿಲ್ಲವೆಂದು ಕಂಪನಿ ಸರಕಾರ ಹೇಳಿತು. 1858ರಲ್ಲಿ ಅವನು ಬಂಡೆದ್ದ, ಮುಂಡರಗಿ ಭೀಮರಾಯನೂ ಎದ್ದ. ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಬಿದ್ದ, ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಸಂಬಂಧಪಟ್ಟವರನ್ನು ಕೇಳದೆ ಬರೆದ ನಿಯಮವಾಗಿತ್ತು ಅದು. ಹಾಗಾಗಿ ತಿದ್ದುಪಡಿಯ ದಾರಿಯೇ ಇರಲಿಲ್ಲ.

ಆಟದ ನಿಯಮವನ್ನು ಊರ ಆಡಳಿತಕ್ಕೆ ಹಾಗೇ ಹೊಲಿಯಬೇಕೆಂದು ನಾನು ಹೇಳುತ್ತಿಲ್ಲ. ಸರಕಾರಿ ಹುದ್ದೆಗೆ ವಂಶ ಬೇಡ, ಅದು 16ನೇ ವಿಧಿಯಲ್ಲಿಯೇ ಮುಗಿದ ಮಾತು. ಆದರೆ ಸಂಘ, ಪಕ್ಷ, ಕ್ಲಬ್ಬು, ಶಿಕ್ಷಣ ಸಂಸ್ಥೆಗಳಂಥ ಕಡೆ, ಒಲವು ಹೇಗೂ ಇದ್ದೇ ಇರುವಲ್ಲಿ, ಅವರಿಂದ ಒಂದನ್ನಾದರೂ ಕಲಿಯಬಹುದು. ಮಗನನ್ನೇ ತರುವುದಾದರೆ ತನ್ನಿ, ಆದರೆ ಮೊದಲು ಹಾಗೆಂದು ಬಾಯಿ ಬಿಟ್ಟು ಹೇಳಿ. ಅಪ್ಪ ಎಷ್ಟು ಪಂದ್ಯ ಆಡಿದ್ದ ಎಂದು ತೋರಿಸಿ. ಹೊರಗಿನವ ಒಬ್ಬ ಎದುರು ಕೂಗಲು ಜಾಗ ಬಿಡಿ. ಅವನು ಕೂಗಿದ ಬೆಲೆಯನ್ನು ಎಣಿಸಿ ಕೊಡಿ.

ಮತ್ತೆ ಆ ಸಾಲಿಯ ಹಾಜರಿಗೆ ಬರುತ್ತೇನೆ. ‘ಪಾಟೀಲ’ ಎಂದಾಗ ಎದ್ದ ಹುಡುಗನ ಮುಂದೆ ಈಗಲೂ ಎಷ್ಟೋ ಬಾಗಿಲು ಬರೆಯದ ನಿಯಮದಿಂದಲೇ ತೆರೆಯುತ್ತವೆ. ‘ತಳವಾರ’ ಎಂದಾಗ ಎದ್ದ ಹುಡುಗಿಯ ಕಾಲಿನ ಬೇಡಿಯನ್ನು 1963ರಲ್ಲಿ ತೆಗೆದೆವು. ಅದು ಸಣ್ಣ ಗೆಲುವಲ್ಲ. ಆದರೆ ಅವಳ ಬೇಡಿ ಕಳಚಿದ ಮೇಲೂ ಅವನ ಬಾಗಿಲಿಗೆ ಬೆಲೆ ಕಟ್ಟಲಿಲ್ಲ. ಇಬ್ಬರೂ ಒಂದೇ ಗೋಣಿತಟ್ಟಿನ ಮೇಲೆ ಕೂತಿದ್ದಾರೆ. ಲೆಕ್ಕ ಇನ್ನೂ ಅರ್ಧಕ್ಕೇ ನಿಂತಿದೆ.